ಸೂಕ್ಷ್ಮ ಚಲನಯಂತ್ರಗಳಲ್ಲಿ ಘರ್ಷಣೆ: ಅದರ ನಿಯಮವೂ ನಿಯಂತ್ರಣವೂ

ಉಕ್ಕಿನ ಹಳಿಗಳ ಮೇಲೆ ಕುಳಿತ ಯಂತ್ರದ ಮೇಜೊಂದನ್ನು ವಿದ್ಯುತ್ ಮೋಟಾರು ಬಾಲ್ ಸ್ಕ್ರೂವಿನ (ಗುಂಡುಗಳ ಮೇಲೆ ಉರುಳುವ ನಟ್ಟುಳ್ಳ ತಿರುಪಿನ) ಮೂಲಕ ನೂರು ಮಿಲಿಮೀಟರು ದೂರ ಕೊಂಡೊಯ್ಯುವುದು ಇಂದಿನ ಎಂಜಿನಿಯರನಿಗೆ ಕಷ್ಟದ ಕೆಲಸವೇನೂ ಅಲ್ಲ. ಅದೇ ಮೇಜನ್ನು ನಿಂತ ಸ್ಥಳದಿಂದ ಒಂದೇ ಒಂದು ಮೈಕ್ರಾನು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಸರಿಸಿ ನಿಲ್ಲಿಸಬೇಕೆಂದಾಗಲೇ ಅವನ ವಿದ್ಯೆಗೆ ನಿಜವಾದ ಪರೀಕ್ಷೆ ಒದಗುವುದು. ಮೋಟಾರಿಗೆ ಹರಿಯುವ ವಿದ್ಯುತ್ತು ಏರುತ್ತ ಹೋಗುತ್ತದೆ, ಮೇಜು ಮಾತ್ರ ಮಿಸುಕುವುದಿಲ್ಲ; ಇನ್ನೂ ಏರಿದಾಗ ಒಮ್ಮೆಲೇ ಹಾರಿ ಗುರಿಯನ್ನು ದಾಟಿ ನಿಲ್ಲುತ್ತದೆ. ಜಾತ್ರೆಯಲ್ಲಿ ತೇರನ್ನು ನಿಂತಲ್ಲಿಂದ ಕದಲಿಸಲು ಊರೆಲ್ಲ ಹಗ್ಗ ಹಿಡಿದು ಸನ್ನೆಗೋಲು ಹಾಕಿ ಒದ್ದಾಡಬೇಕಾಗುವುದನ್ನೂ, ಒಮ್ಮೆ ಕದಲಿದ ಮೇಲೆ ಅದನ್ನು ಬೇಕೆಂದಲ್ಲಿ ನಿಲ್ಲಿಸಲು ಗಾಲಿಗೆ ಅಡ್ಡೆ ಕೊಡುವವರು ಪ್ರಾಣವನ್ನೇ ಪಣವಾಗಿಡಬೇಕಾಗುವುದನ್ನೂ ಕಂಡವರಿಗೆ ಈ ಕಷ್ಟದ ಸ್ವರೂಪವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಈ ಕಷ್ಟಕ್ಕೆ ಕಾರಣ ಘರ್ಷಣೆ. ಘರ್ಷಣೆಯು ಯಂತ್ರಕ್ಕೆ ಆಕಸ್ಮಿಕವಾಗಿ ಅಂಟಿದ ಕೊಳೆಯೆಂದೂ, ಎಣ್ಣೆ ಹಾಕಿ ಮೋಟಾರಿನ ಬಲವನ್ನು ಹೆಚ್ಚಿಸಿದರೆ ತೀರಿಹೋಗುವ ತೊಡಕೆಂದೂ ಬಗೆಯುವ ವಾಡಿಕೆ ಬಹುಕಾಲ ನಡೆದುಬಂದಿತ್ತು. ಕಳೆದ ಅರ್ಧ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ನಡೆದ ಶೋಧನೆಗಳೆಲ್ಲವನ್ನೂ ಒಟ್ಟಿಗೆ ನೋಡಿದಾಗ ನನಗೆ ತೋರುವುದೇನೆಂದರೆ, ಘರ್ಷಣೆಗೆ ತನ್ನದೇ ಆದ ಕಟ್ಟುನಿಟ್ಟಾದ ನಿಯಮವುಂಟು, ನಡೆದ ದಾರಿಯ ಸ್ಮರಣೆಯೂ ಉಂಟು. ಅದನ್ನು ಅಳೆದು ತಿಳಿದವನಿಗೆ ಅದು ವಶವಾಗುತ್ತದೆ, ಅಳೆಯದೆ ಬಲದಿಂದ ಗೆಲ್ಲಹೊರಟವನನ್ನು ಕಡೆಯವರೆಗೂ ಕಾಡುತ್ತದೆ.

ಘರ್ಷಣೆಯ ನಿಯಮಗಳನ್ನು ಮೊದಲು ಗುರುತಿಸಿದವನು ಲಿಯೊನಾರ್ಡೊ ಡ ವಿಂಚಿ. ಆದರೆ ಅವನ ಟಿಪ್ಪಣಿಗಳು ಪ್ರಕಟವಾಗದೆ ಉಳಿದುದರಿಂದ ಅವುಗಳ ಪ್ರಯೋಜನ ಲೋಕಕ್ಕೆ ಆಗ ದೊರೆಯಲಿಲ್ಲ. 1699ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಗಿಯೋಮ್ ಅಮೊಂತೋನನು, ಘರ್ಷಣಬಲವು ಮೇಲಿನ ಭಾರಕ್ಕೆ ಅನುಪಾತವಾಗಿರುವುದೆಂದೂ ತಾಗುವ ಮೈಗಳ ವಿಸ್ತೀರ್ಣವನ್ನು ಅವಲಂಬಿಸಿಲ್ಲವೆಂದೂ ಪ್ರತಿಪಾದಿಸಿದಾಗ, ಎರಡನೆಯ ಮಾತು ಸಭೆಗೆ ಎಷ್ಟು ವಿಚಿತ್ರವಾಗಿ ಕಂಡಿತೆಂದರೆ, ಅದನ್ನು ಮತ್ತೆ ಪ್ರಯೋಗದಿಂದ ಪರೀಕ್ಷಿಸುವ ಕೆಲಸ ಅದೇ ಅಕಾಡೆಮಿಯ ದ ಲಾ ಹೀರನ ಪಾಲಿಗೆ ಬಂತು. ಅವನ ಪರೀಕ್ಷೆಯೂ ಅಮೊಂತೋನನ ಪಕ್ಷವನ್ನೇ ಎತ್ತಿಹಿಡಿಯಿತು. ಮುಂದೆ ಸೇನಾ ಎಂಜಿನಿಯರನಾಗಿದ್ದ ಶಾರ್ಲ್ ಕುಲೋಂಬನು ರೋಶ್‌ಫೋರಿನ ಹಡಗುಕಟ್ಟೆಯಲ್ಲಿ ಮರದ ಮೇಲೆ ಮರವನ್ನೂ ಲೋಹವನ್ನೂ ಎಳೆಸಿ ನಡೆಸಿದ ದೀರ್ಘ ಪ್ರಯೋಗಗಳಿಗೆ 1781ರಲ್ಲಿ ಅಕಾಡೆಮಿಯ ಬಹುಮಾನ ದೊರೆತು, 1785ರಲ್ಲಿ ಅವು ಅಚ್ಚಾದುವು. ಚಲನೆಯಲ್ಲಿರುವ ವಸ್ತುವಿನ ಘರ್ಷಣೆ ವೇಗದೊಡನೆ ಹೆಚ್ಚು ಬದಲಾಗದೆಂಬ, ಇಂದಿಗೂ ಅವನ ಹೆಸರಿನಲ್ಲಿಯೇ ನಡೆಯುವ ನಿಯಮವನ್ನು ಶಾಲೆಯ ಪುಸ್ತಕಗಳು ಹೇಳುತ್ತವೆ. ಅವು ಹೇಳದೆ ಬಿಡುವ ಇನ್ನೆರಡು ಸಂಗತಿಗಳು ನಮ್ಮ ವಿಷಯಕ್ಕೆ ಹೆಚ್ಚು ಬೆಲೆಯುಳ್ಳವು. ನಿಂತ ವಸ್ತುವನ್ನು ಕದಲಿಸಲು ಬೇಕಾಗುವ ಬಲ, ಅದು ಎಷ್ಟು ಹೊತ್ತು ನಿಂತಿತ್ತೆಂಬುದರ ಮೇಲೆ ಏರುತ್ತ ಹೋಗುವುದನ್ನು ಕುಲೋಂಬನು ಅಳೆದು ಕಂಡಿದ್ದನು. ಮರದ ಎರಡು ಮೈಗಳ ನಾರುಗಳು ಎರಡು ಕುಂಚಗಳ ಕೂದಲುಗಳಂತೆ ಪರಸ್ಪರ ಹೆಣೆದುಕೊಂಡು, ಜಾರುವ ಮೊದಲು ಬಾಗುತ್ತವೆಂದು ಊಹಿಸಿದ್ದನು. ಆ ಊಹೆ ಇನ್ನೂರು ವರ್ಷಗಳ ತರುವಾಯ ನಿಯಂತ್ರಣಶಾಸ್ತ್ರದ ಸಮೀಕರಣಗಳೊಳಗೆ ಹೊಸ ಜನ್ಮ ತಾಳಿತು.

ನಡುವೆ ಎರಡು ಮುಖ್ಯ ಮಜಲುಗಳಿವೆ. ಜರ್ಮನಿಯ ರಿಚರ್ಡ್ ಸ್ಟ್ರಿಬೆಕ್ಕನು 1902ರಲ್ಲಿ ಎಣ್ಣೆ ಹಾಕಿದ ಬೇರಿಂಗುಗಳನ್ನು ಅಳೆದು, ವೇಗವು ಸೊನ್ನೆಯಿಂದ ಏರುತ್ತಿದ್ದಂತೆ ಘರ್ಷಣೆ ಮೊದಲು ಇಳಿದು ಆಮೇಲೆ ಏರುವುದೆಂದು ತೋರಿಸಿದನು. ಅತಿ ಮೆಲ್ಲಗೆ ಸರಿಯುವಾಗ ಲೋಹವು ಲೋಹವನ್ನು ತಾಗುತ್ತಿರುತ್ತದೆ. ವೇಗವೇರಿದಂತೆ ಎಣ್ಣೆಯ ಪದರವು ನಡುವೆ ಸೇರಿಕೊಂಡು ಭಾರದ ಒಂದು ಪಾಲನ್ನು ತಾನು ಹೊರತೊಡಗುತ್ತದೆ. ಪೂರ್ಣವಾಗಿ ಎಣ್ಣೆಯ ಮೇಲೆಯೇ ತೇಲುವ ಹಂತ ಬಂದ ಬಳಿಕ ಉಳಿಯುವುದು ಎಣ್ಣೆಯ ಸ್ನಿಗ್ಧತೆಯ ತಡೆ ಮಾತ್ರ. ವೇಗವೇರಿದಂತೆ ಘರ್ಷಣೆ ಇಳಿಯುವ ಈ ಇಳಿಜಾರು ನಿಯಂತ್ರಕನಿಗೆ ಒಡ್ಡುವ ಅಪಾಯ ಸಾಮಾನ್ಯವಾದುದಲ್ಲ: ವೇಗ ಕೊಂಚ ಹೆಚ್ಚಿದರೆ ತಡೆ ಕಡಿಮೆಯಾಗುತ್ತದೆ, ತಡೆ ಕಡಿಮೆಯಾದುದರಿಂದ ವೇಗ ಮತ್ತಷ್ಟು ಹೆಚ್ಚುತ್ತದೆ, ಹೀಗೆ ಚಲನೆ ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ. ತಡೆದು ಜಾರಿ, ಮತ್ತೆ ತಡೆದು ಜಾರುವ ಕುಪ್ಪಳಿಕೆಯ ಬೀಜ ಇಲ್ಲಿಯೇ ಇದೆ. ಎರಡನೆಯ ಮಜಲು ಕೇಂಬ್ರಿಜ್ಜಿನ ಬೌಡನ್ ಮತ್ತು ಟೇಬರ್ ಇವರದು. ಎಷ್ಟೇ ನಯವಾಗಿ ಉಜ್ಜಿದ ಮೈಗಳಾದರೂ ನಿಜವಾಗಿ ತಾಗುವುದು ಅಲ್ಲೊಂದು ಇಲ್ಲೊಂದು ಉಬ್ಬಿನ ತುದಿಗಳಲ್ಲಿ ಮಾತ್ರವೆಂದೂ, ಭಾರ ಹೆಚ್ಚಿದಂತೆ ಆ ತುದಿಗಳು ಅಪ್ಪಚ್ಚಿಯಾಗಿ ನಿಜಸ್ಪರ್ಶದ ವಿಸ್ತೀರ್ಣ ಹೆಚ್ಚುವುದೆಂದೂ ಅವರು 1939ರಿಂದ ಮೊದಲ್ಗೊಂಡು ಸ್ಥಾಪಿಸಿದರು. ಅಮೊಂತೋನನ ಸಭೆಯನ್ನು ಬೆರಗುಗೊಳಿಸಿದ ಒಗಟು ಹೀಗೆ ಬಿಡಿಸಲ್ಪಟ್ಟಿತು: ಕಣ್ಣಿಗೆ ಕಾಣುವ ವಿಸ್ತೀರ್ಣಕ್ಕೆ ಬೆಲೆಯಿಲ್ಲದಿರುವುದು ನಿಜವಾದ ವಿಸ್ತೀರ್ಣ ಅದಕ್ಕಿಂತ ಬಹು ಕಿರಿದಾಗಿರುವುದರಿಂದ.

ಇಲ್ಲಿಂದ ಮುಂದೆ ವಿಷಯವು ಸೂಕ್ಷ್ಮ ಯಂತ್ರಗಳವರ ಕೈಗೆ ಬರುತ್ತದೆ. ತಾಗಿದ ಉಬ್ಬುಗಳು ಕಿತ್ತುಬರುವ ಮುನ್ನ ಸ್ಪ್ರಿಂಗಿನಂತೆ ಬಾಗುತ್ತವೆ. ಆದುದರಿಂದ ‘ನಿಂತಿರುವುದು’ ಮತ್ತು ‘ಜಾರುತ್ತಿರುವುದು’ ಎಂಬ ಎರಡೇ ಸ್ಥಿತಿಗಳನ್ನು ಕಲ್ಪಿಸುವುದು ಸ್ಥೂಲದೃಷ್ಟಿಯಾಯಿತು. ಇವೆರಡರ ನಡುವೆ, ಮೈಕ್ರಾನುಗಳಲ್ಲಿ ಅಳೆಯಬೇಕಾದ ಒಂದು ಕಿರಿದಾದ ಪ್ರದೇಶವಿದೆ. ಅಲ್ಲಿ ಘರ್ಷಣೆಯು ವೇಗವನ್ನು ಕೇಳುವುದಿಲ್ಲ, ಸ್ಥಾನವನ್ನು ಕೇಳುತ್ತದೆ. ಮೇಜನ್ನು ಅಲ್ಪವಾಗಿ ತಳ್ಳಿ ಬಿಟ್ಟರೆ ಅದು ಹಿಂದಕ್ಕೆ ಬರುತ್ತದೆ, ಆದರೆ ಪೂರ್ತಿಯಾಗಿ ಬರುವುದಿಲ್ಲ. ಹೋದ ದಾರಿಯೊಂದು, ಬಂದ ದಾರಿಯೊಂದು ಆಗಿ, ಬಲ ಮತ್ತು ಸ್ಥಾನಗಳ ನಕ್ಷೆಯಲ್ಲಿ ಒಂದು ಕುಣಿಕೆ ಮೂಡುತ್ತದೆ. ಅಮೆರಿಕದ ಏರೋಸ್ಪೇಸ್ ಕಾರ್ಪೊರೇಷನ್ನಿನ ಫಿಲಿಪ್ ಡಾಲನು 1968ರಲ್ಲಿ ಬಾಲ್ ಬೇರಿಂಗುಗಳ ಈ ನಡತೆಯನ್ನು ಗಮನಿಸಿ, ಲೋಹದ ಸರಳನ್ನು ಎಳೆದಾಗ ಅದು ಮೊದಲು ಸ್ಥಿತಿಸ್ಥಾಪಕವಾಗಿ ಹಿಗ್ಗಿ ಬಳಿಕ ಮಣಿಯುವ ಕ್ರಮವನ್ನೇ ಘರ್ಷಣೆಗೂ ಅನ್ವಯಿಸಿ, ಒಂದು ಸರಳವಾದ ಅವಕಲ ಸಮೀಕರಣವನ್ನು ಕೊಟ್ಟನು. ಇದರಿಂದಾದ ಮಹತ್ತರ ಬದಲಾವಣೆಯೆಂದರೆ, ಘರ್ಷಣೆಗೆ ಮೊದಲ ಬಾರಿಗೆ ಒಂದು ಆಂತರಿಕ ಸ್ಥಿತಿ ದೊರೆತದ್ದು. ಈ ಕ್ಷಣದ ಬಲವನ್ನು ಹೇಳಲು ಈ ಕ್ಷಣದ ವೇಗವನ್ನಷ್ಟೇ ಬಲ್ಲರೆ ಸಾಲದು, ಹಿಂದೆ ನಡೆದದ್ದನ್ನೂ ತಿಳಿದಿರಬೇಕೆಂಬ ಅರಿವು ಶಾಸ್ತ್ರದೊಳಗೆ ಬಂತು. 1990ರಲ್ಲಿ ಜಪಾನಿನ ಫುತಾಮಿ ಮತ್ತು ಅವರ ಸಂಗಡಿಗರು ಗುಂಡು ಹಳಿಗಳ (ಉಕ್ಕಿನ ಗುಂಡುಗಳು ಉರುಳುವ ಹಳಿಗಳ) ಮೇಲಿನ ಮೇಜೊಂದನ್ನು ನ್ಯಾನೋಮೀಟರಿನ ಪ್ರಮಾಣದಲ್ಲಿ ಸರಿಸಿ ನೋಡಿದಾಗ, ಅತ್ಯಲ್ಪ ಚಲನೆಯಲ್ಲಿ ಆ ಮೇಜು ಸ್ಪ್ರಿಂಗಿಗೆ ಕಟ್ಟಿದ ಭಾರದಂತೆಯೇ ನಡೆದುಕೊಂಡದ್ದು ಈ ಅರಿವನ್ನು ದೃಢಪಡಿಸಿತು.

ಡಾಲನ ಸಮೀಕರಣದಲ್ಲಿ ಸ್ಟ್ರಿಬೆಕ್ಕನ ಇಳಿಜಾರಿಗೆ ಎಡೆಯಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಸ್ವೀಡನ್ನಿನ ಲುಂಡ್ ಮತ್ತು ಫ್ರಾನ್ಸಿನ ಗ್ರೆನೋಬಲ್ ನಗರಗಳ ನಾಲ್ವರು ವಿದ್ವಾಂಸರು: ಕಾನುದಾಸ್ ದ ವಿತ್, ಓಲ್ಸನ್, ಆಸ್ಟ್ರೋಮ್, ಲಿಶಿನ್ಸ್ಕಿ. 1995ರಲ್ಲಿ ಅವರು ಪ್ರಕಟಿಸಿದ, ಎರಡು ಊರುಗಳ ಹೆಸರನ್ನೂ ಸೇರಿಸಿ ‘ಲುಗ್ರೆ’ ಎಂದು ಕರೆಯಲಾಗುವ ಮಾದರಿಯಲ್ಲಿ ಕುಲೋಂಬನ ಕುಂಚದ ಕೂದಲುಗಳು ಸ್ಪಷ್ಟವಾಗಿಯೇ ಕಾಣುತ್ತವೆ: ಅಸಂಖ್ಯ ಕೂದಲುಗಳ ಸರಾಸರಿ ಬಾಗುವಿಕೆಯೇ ಆಂತರಿಕ ಸ್ಥಿತಿ, ಆ ಬಾಗುವಿಕೆಯಿಂದ ಒಂದು ಬಲ, ಅದು ಬದಲಾಗುವ ದರದಿಂದ ಇನ್ನೊಂದು, ಎಣ್ಣೆಯ ಸ್ನಿಗ್ಧತೆಯಿಂದ ಮೂರನೆಯದು, ವೇಗಕ್ಕನುಗುಣವಾಗಿ ಬಾಗುವಿಕೆಯ ಮಿತಿ ಸ್ಟ್ರಿಬೆಕ್ಕನ ಗೆರೆಯನ್ನು ಅನುಸರಿಸುತ್ತದೆ. ಆರೇ ಆರು ಸ್ಥಿರಾಂಕಗಳಿಂದ, ಜಾರುವ ಮುನ್ನಿನ ಸರಿತ, ವೇಗ ಬದಲಾದಾಗ ಘರ್ಷಣೆ ತಡವಾಗಿ ಬದಲಾಗುವುದು, ಬಲವನ್ನು ಏರಿಸುವ ದರಕ್ಕೆ ತಕ್ಕಂತೆ ಕದಲಿಕೆಯ ಬಲ ಬೇರೆಯಾಗುವುದು, ತಡೆದು ಜಾರುವ ಚಲನೆ, ಇವೆಲ್ಲವೂ ಒಂದೇ ಚೌಕಟ್ಟಿನಿಂದ ಹೊರಡುವುದನ್ನು ಕಂಡಾಗ ಸಂತೋಷವಾಗದಿರದು. ಆ ಲೇಖನದ ಉದಾಹರಣೆಯಲ್ಲಿ ಚಲನ ಘರ್ಷಣೆ 1 ನ್ಯೂಟನ್, ಸ್ಥಿರ ಘರ್ಷಣೆ 1.5 ನ್ಯೂಟನ್, ಕೂದಲುಗಳ ಬಿಗುಪು ಮೀಟರಿಗೆ ಒಂದು ಲಕ್ಷ ನ್ಯೂಟನ್; ಎಂದರೆ ಚಲನ ಘರ್ಷಣೆಯಷ್ಟು ಬಲ ಹುಟ್ಟಲು ಕೂದಲುಗಳು ಬಾಗಬೇಕಾದುದು 10 ಮೈಕ್ರಾನು ಮಾತ್ರ.

ಆದರೂ ಲುಗ್ರೆ ಮಾದರಿ ದೋಷರಹಿತವಲ್ಲ. ಕದಲಿಕೆಯ ಮಿತಿಗಿಂತ ಕಡಿಮೆಯಾದ ಬಲವನ್ನು ಒಂದೇ ದಿಕ್ಕಿನಲ್ಲಿ ಹೇರಿ, ಅದರ ಮೇಲೆ ಸಣ್ಣ ಕಂಪನವನ್ನು ಕೂಡಿಸಿದರೆ, ನಿಜಯಂತ್ರವು ನಿಂತೇ ಇರುವಲ್ಲಿ ಮಾದರಿಯ ಮೇಜು ಮೆಲ್ಲಮೆಲ್ಲನೆ ತೆವಳಿಹೋಗುತ್ತದೆ. ಡ್ಯೂಪಾಂಟ್ ಮತ್ತು ಸಂಗಡಿಗರು 2002ರಲ್ಲಿ ಇದಕ್ಕೆ ಪರಿಹಾರವಾಗಿ, ಸ್ವಲ್ಪ ದೂರ ಶುದ್ಧ ಸ್ಥಿತಿಸ್ಥಾಪಕವಾಗಿಯೇ ಉಳಿಯುವ ಮಾದರಿಯನ್ನು ಸೂಚಿಸಿದರು. ಇನ್ನೊಂದು ಕೊರತೆ ಸ್ಮರಣೆಯದು: ನಿಜವಾದ ಬೇರಿಂಗು ತಾನು ದಿಕ್ಕು ಬದಲಿಸಿದ ಸ್ಥಾನಗಳನ್ನು ಒಂದರೊಳಗೊಂದಾಗಿ ನೆನಪಿಟ್ಟುಕೊಂಡು, ಒಳಗಿನ ಸಣ್ಣ ಕುಣಿಕೆ ಮುಗಿದೊಡನೆ ಹೊರಗಿನ ದೊಡ್ಡ ಕುಣಿಕೆಗೆ ಬಿಟ್ಟಲ್ಲಿಯೇ ಬಂದು ಸೇರುತ್ತದೆ; ಒಂದೇ ಸ್ಥಿತಿಯುಳ್ಳ ಮಾದರಿಗೆ ಇಷ್ಟು ನೆನಪು ಸಾಧ್ಯವಿಲ್ಲ. ಈ ಕೊರತೆಯನ್ನು ತುಂಬಲು ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾನಿಲಯದವರು 2000ರಲ್ಲಿ ಒಂದು ಮಾದರಿಯನ್ನೂ, 2005ರಲ್ಲಿ ಅದಕ್ಕಿಂತ ಸರಳವಾದ ‘ವ್ಯಾಪಕ ಮ್ಯಾಕ್ಸ್‌ವೆಲ್ ಜಾರು’ ಮಾದರಿಯನ್ನೂ ಕೊಟ್ಟರು. ಬೇರೆಬೇರೆ ಬಿಗುಪಿನ, ಬೇರೆಬೇರೆ ಮಿತಿಯಲ್ಲಿ ಜಾರತೊಡಗುವ ಹಲವು ಸ್ಪ್ರಿಂಗುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದಂತೆ ಕಲ್ಪಿಸುವ ಈ ಎರಡನೆಯದು ನನ್ನ ಮತದಲ್ಲಿ ಗುಂಡು ಹಳಿಗಳ ಯಂತ್ರಗಳಿಗೆ ಈವರೆಗೆ ದೊರೆತ ಅತ್ಯಂತ ಸಮರ್ಪಕವಾದ ಚಿತ್ರ. ಆದರೆ ಅದರ ಸ್ಥಿರಾಂಕಗಳು ಅನೇಕ, ಅವನ್ನು ಕಂಡುಹಿಡಿಯುವ ಪರಿಶ್ರಮವೂ ಅಷ್ಟೇ ದೊಡ್ಡದು. ಆದುದರಿಂದ ಎಲ್ಲ ಯಂತ್ರಕ್ಕೂ ಇದನ್ನೇ ಹೇರುವುದು ವಿವೇಕವಾಗದು.

ಇನ್ನು ನಿಯಂತ್ರಣದ ವಿಚಾರ. ಸ್ಥಾನದ ತಪ್ಪಿಗೆ ಅನುಪಾತವಾಗಿ ಬಲ ಕೊಡುವ ನಿಯಂತ್ರಕವು, ಆ ಬಲ ಸ್ಥಿರ ಘರ್ಷಣೆಗಿಂತ ಕಡಿಮೆಯಾದೊಡನೆ ಕೈಚೆಲ್ಲುತ್ತದೆ. ಗುರಿಯಿಂದ ಕೊಂಚ ದೂರದಲ್ಲಿಯೇ ಮೇಜು ನಿಂತುಬಿಡುತ್ತದೆ. ಈ ಉಳಿಕೆಯನ್ನು ಅಳಿಸಲೆಂದು ತಪ್ಪನ್ನು ಕಾಲದೊಡನೆ ಕೂಡಿಸುತ್ತ ಹೋಗುವ ಅನುಕಲನದ ಅಂಶವನ್ನು ಸೇರಿಸಿದರೆ, ನಿಂತಷ್ಟು ಹೊತ್ತೂ ಬಲ ಸಂಚಯವಾಗಿ, ಕದಲಿದೊಡನೆ ಘರ್ಷಣೆ ಥಟ್ಟನೆ ಇಳಿದು, ಮೇಜು ಗುರಿಯನ್ನು ದಾಟಿ ಆಚೆ ನಿಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ ಅದೇ ಕಥೆ. ‘ಹಂಟಿಂಗ್’ ಎಂದು ಕಾರ್ಖಾನೆಗಳಲ್ಲಿ ಹೆಸರುವಾಸಿಯಾದ ಈ ಕೊನೆಯಿಲ್ಲದ ತೂಗಾಟದ ಮೂಲ, ಸ್ಥಿರ ಘರ್ಷಣೆಯು ಚಲನ ಘರ್ಷಣೆಗಿಂತ ಹೆಚ್ಚಾಗಿರುವುದು. ಇನ್ನೊಂದು ದೋಷವನ್ನು ವರ್ತುಲವನ್ನು ಕೊರೆಯುವ ಸಿಎನ್‌ಸಿ (ಗಣಕನಿಯಂತ್ರಿತ) ಯಂತ್ರಗಳಲ್ಲಿ ಕಾಣಬಹುದು. ವೃತ್ತವನ್ನು ರಚಿಸಲು ಎರಡು ಅಕ್ಷಗಳು ಕೂಡಿ ಚಲಿಸಬೇಕಷ್ಟೆ. ಒಂದು ಸುತ್ತಿನಲ್ಲಿ ನಾಲ್ಕು ಎಡೆಗಳಲ್ಲಿ ಯಾವುದಾದರೊಂದು ಅಕ್ಷ ನಿಂತು ದಿಕ್ಕನ್ನು ಬದಲಿಸುತ್ತದೆ, ಆಗ ಘರ್ಷಣೆಯ ದಿಕ್ಕೂ ಬದಲಾಗಿ, ಆ ಅಕ್ಷ ಕ್ಷಣಕಾಲ ಹಿಂದುಳಿದು, ಕೊರೆದ ವೃತ್ತದ ಮೇಲೆ ನಾಲ್ಕು ಸಣ್ಣ ಮುಳ್ಳುಗಳು ಮೂಡುತ್ತವೆ. ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದ ಬ್ರಯಾನ್ 1982ರಲ್ಲಿ ಬಳಕೆಗೆ ತಂದ, ಯಂತ್ರದ ವೃತ್ತಚಲನೆಯ ತಪ್ಪನ್ನು ಅಳೆಯುವ ಬಾಲ್‌ಬಾರ್ ಎಂಬ ಉಪಕರಣದಿಂದ ಈ ಮುಳ್ಳುಗಳನ್ನು ಕಾಗದದ ಮೇಲೆ ಸ್ಪಷ್ಟವಾಗಿ ನೋಡಬಹುದು.

ಇವುಗಳಿಗೆ ಹೂಡಿದ ಉಪಾಯಗಳು ಹಲವು. ಅತಿ ಹಳೆಯದು, ಮೋಟಾರಿಗೆ ಸದಾ ಸಣ್ಣ ಕಂಪನವನ್ನು ಕೊಟ್ಟು ಮೈಗಳು ಕಚ್ಚಿಕೊಳ್ಳದಂತೆ ಮಾಡುವುದು; ಇದು ಫಲಿಸುತ್ತದೆ, ಆದರೆ ಬೇರಿಂಗು ಸವೆಯುತ್ತದೆ, ಸೂಕ್ಷ್ಮ ಯಂತ್ರವು ಯಾವ ನಿಶ್ಚಲತೆಗಾಗಿ ನಿರ್ಮಿತವಾಯಿತೋ ಆ ನಿಶ್ಚಲತೆಯೇ ಕೆಡುತ್ತದೆ. ನಿಂತ ಮೇಜಿಗೆ ಅಳತೆ ಮಾಡಿದ ಪುಟ್ಟ ಪೆಟ್ಟುಗಳನ್ನು ಕೊಟ್ಟು ಗುರಿಯತ್ತ ನೂಕುವ ಕ್ರಮವನ್ನು 1988ರಲ್ಲಿ ಯಾಂಗ್ ಮತ್ತು ತೊಮಿಝುಕಾ ವ್ಯವಸ್ಥಿತವಾಗಿ ರೂಪಿಸಿದರು. ಒಂದೇ ಚಲನೆಯನ್ನು ಸಾವಿರಾರು ಸಲ ಮಾಡುವ ಯಂತ್ರಗಳಲ್ಲಿ, ಹಿಂದಿನ ಸಲದ ತಪ್ಪನ್ನು ನೋಡಿ ಮುಂದಿನ ಸಲದ ಆಜ್ಞೆಯನ್ನು ತಿದ್ದುವ, ಅರಿಮೊತೊ ಮೊದಲಾದವರು 1984ರಲ್ಲಿ ಪ್ರತಿಪಾದಿಸಿದ ಕಲಿಕೆಯ ಕ್ರಮ ಅಚ್ಚರಿಯೆನಿಸುವಷ್ಟು ಸಫಲವಾಗುತ್ತದೆ. ಘರ್ಷಣೆಯು ಪ್ರತಿಸಲವೂ ಒಂದೇ ಬಗೆಯಾಗಿ ನಡೆದುಕೊಳ್ಳುವುದೆಂಬುದೇ ಅದರ ಸಾಫಲ್ಯದ ಗುಟ್ಟು. ಸ್ಟ್ಯಾನ್‌ಫರ್ಡಿನಲ್ಲಿ ಪ್ಯೂಮಾ ರೋಬಾಟಿನ ಕೀಲುಗಳನ್ನು ಅಳೆದ ಆರ್ಮ್‌ಸ್ಟ್ರಾಂಗ್ ಕಂಡದ್ದೂ ಇದನ್ನೇ: ಕೀಲಿನ ಒಂದೊಂದು ಸ್ಥಾನದಲ್ಲಿಯೂ ಘರ್ಷಣೆ ಬೇರೆ, ಆದರೆ ಅದೇ ಸ್ಥಾನಕ್ಕೆ ಮತ್ತೆ ಬಂದರೆ ಅದೇ ಘರ್ಷಣೆ.

ಇಂದು ಹೆಚ್ಚಾಗಿ ನಡೆಯುವ ಎರಡು ಮಾರ್ಗಗಳೆಂದರೆ, ಮಾದರಿಯಿಂದ ಘರ್ಷಣೆಯನ್ನು ಮೊದಲೇ ಲೆಕ್ಕಹಾಕಿ ಅಷ್ಟು ಬಲವನ್ನು ಆಜ್ಞೆಯೊಡನೆಯೇ ಸೇರಿಸಿ ಕೊಡುವುದು, ಮತ್ತು ಕೊಟ್ಟ ಬಲಕ್ಕೂ ಕಂಡ ಚಲನೆಗೂ ಇರುವ ವ್ಯತ್ಯಾಸದಿಂದ ಅಡ್ಡಿಯನ್ನು ಊಹಿಸಿ, ಅಷ್ಟನ್ನೂ ಮರಳಿ ತುಂಬುವುದು. ಎರಡನೆಯದಾದ ಅಡ್ಡಿವೀಕ್ಷಕದ ಕ್ರಮವನ್ನು ಜಪಾನಿನ ಒನಿಶಿ 1980ರ ದಶಕದಲ್ಲಿ ಪ್ರಚಾರಕ್ಕೆ ತಂದರು. ಅದಕ್ಕೆ ಘರ್ಷಣೆಯ ಮಾದರಿಯೇ ಬೇಕಾಗಿಲ್ಲವಾದುದರಿಂದ ಅದು ಬಹು ಜನಪ್ರಿಯವಾಯಿತು. ಆದರೆ ಅದು ಅಡ್ಡಿಯನ್ನು ಕಂಡ ಮೇಲಷ್ಟೇ ಸರಿಪಡಿಸಬಲ್ಲುದು, ದಿಕ್ಕು ಬದಲಾಗುವಾಗಿನ ಜಿಗಿತವಾದರೋ ಕ್ಷಣಾರ್ಧದ ಸಂಗತಿ. ಮೊದಲನೆಯ ಮಾರ್ಗ ಆ ಜಿಗಿತವನ್ನು ಮುಂದಾಗಿಯೇ ಬಲ್ಲುದು. ಆದರೆ ಬೆಳಗಿನ ತಣ್ಣನೆಯ ಗ್ರೀಸು ಮಧ್ಯಾಹ್ನಕ್ಕೆ ಬೆಚ್ಚಗಾಗಿ ತೆಳುವಾದಾಗ ಅದರ ಲೆಕ್ಕ ತಪ್ಪುತ್ತದೆ. ಆದುದರಿಂದ ದಿಕ್ಕು ಬದಲಾಗುವ ಎಡೆಗಳಿಗೆ ಮಾದರಿಯನ್ನೂ, ನಿಧಾನವಾಗಿ ಬದಲಾಗುವ ಉಳಿಕೆಗೆ ವೀಕ್ಷಕವನ್ನೂ ನೇಮಿಸಿ, ಎರಡನ್ನೂ ಕೂಡಿಸಿ ದುಡಿಸುವುದೇ ಯುಕ್ತವೆಂಬುದು ನನ್ನ ನಿರ್ಣಯ.

ಅಳತೆಯ ತೊಡಕನ್ನು ಇಲ್ಲಿ ಹೇಳದಿದ್ದರೆ ಚಿತ್ರ ಪೂರ್ಣವಾಗದು. ಸ್ಥಾನವನ್ನು ಒಂದು ಮೈಕ್ರಾನಿನ ಹೆಜ್ಜೆಗಳಲ್ಲಿ ಎಣಿಸುವ ಎನ್‌ಕೋಡರನ್ನು ಸೆಕೆಂಡಿಗೆ ಸಾವಿರ ಸಲ ಓದಿ, ಎರಡು ಓದುಗಳ ವ್ಯತ್ಯಾಸದಿಂದ ವೇಗವನ್ನು ತೆಗೆಯುತ್ತೇವೆಂದುಕೊಳ್ಳೋಣ. ಒಂದು ಎಣಿಕೆಯ ವ್ಯತ್ಯಾಸವೇ ಸೆಕೆಂಡಿಗೆ ಒಂದು ಮಿಲಿಮೀಟರಿನ ವೇಗವಾಗಿ ಕಾಣುತ್ತದೆ. ಲುಗ್ರೆ ಲೇಖನದ ಉದಾಹರಣೆಯಲ್ಲಿ ಸ್ಟ್ರಿಬೆಕ್ಕನ ಇಳಿಜಾರು ನಡೆಯುವುದೂ ಸುಮಾರಾಗಿ ಅದೇ ವೇಗದಲ್ಲಿ. ಎಂದರೆ ಮಾದರಿ ಎಷ್ಟೇ ಸೂಕ್ಷ್ಮವಾಗಿರಲಿ, ಅದಕ್ಕೆ ಉಣಿಸುವ ವೇಗದ ಬೆಲೆ ಅದು ಬಣ್ಣಿಸಬೇಕಾದ ಸಂಗತಿಯಷ್ಟೇ ಒರಟಾಗಿರುತ್ತದೆ. ಪ್ರಬಂಧಗಳಲ್ಲಿ ಮಾದರಿಗಳ ನಡುವೆ ನಡೆಯುವ ಸ್ಪರ್ಧೆಯನ್ನು ಓದುವಾಗ ಈ ಮಾತನ್ನು ಮರೆಯಬಾರದು. ಎಷ್ಟೋ ಕಡೆ ಮಾದರಿಯನ್ನು ಬದಲಿಸುವುದಕ್ಕಿಂತ ಎನ್‌ಕೋಡರನ್ನು ಬದಲಿಸುವುದರಿಂದ ಹೆಚ್ಚು ಲಾಭವುಂಟು.

ಅಳತೆಗಿಂತಲೂ ಹಿಂದಿನದು ಯಂತ್ರದ ರಚನೆ. ಬಾಲ್ ಸ್ಕ್ರೂವಿನ ಸಡಿಲವನ್ನು ತೆಗೆಯಲು ನಟ್ಟನ್ನು ಬಿಗಿಮಾಡಿದರೆ ಘರ್ಷಣೆ ಹೆಚ್ಚುತ್ತದೆ, ಘರ್ಷಣೆಗಾಗಿ ಸಡಿಲಿಸಿದರೆ ದಿಕ್ಕು ಬದಲಿಸುವಾಗ ಖಾಲಿ ಓಡುವ ಬ್ಯಾಕ್‌ಲ್ಯಾಷ್ ಬರುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಗಾಳಿಯ ಪದರದ ಮೇಲೆ ತೇಲಿಸುವುದು, ಕಾಂತಬಲದಿಂದ ಎತ್ತಿಹಿಡಿಯುವುದು, ಬಾಗುವ ಲೋಹದ ಪಟ್ಟಿಗಳಿಂದಲೇ ಸಣ್ಣ ಚಲನೆಯನ್ನು ಸಾಧಿಸುವುದು ಮುಂತಾದ ಹಾದಿಗಳನ್ನು ತುಳಿದಿದ್ದಾರೆ. 1948ರಲ್ಲಿ ಉದ್ಘಾಟಿತವಾದ ಪಾಲೋಮಾರ್ ಪರ್ವತದ ಇನ್ನೂರು ಅಂಗುಲದ ದೂರದರ್ಶಕದ ಚಲಿಸುವ ಭಾಗದ ತೂಕ ಸುಮಾರು ಐನೂರು ಟನ್. ಒತ್ತಡದಿಂದ ತುಂಬಿದ ಎಣ್ಣೆಯ ತೆಳುಪದರದ ಮೇಲೆ ಅದು ನಿಂತಿರುವುದರಿಂದ, ನಕ್ಷತ್ರಗಳನ್ನು ಹಿಂಬಾಲಿಸಲು ಒಂದು ಅಶ್ವಶಕ್ತಿಯ ಹನ್ನೆರಡನೆಯ ಒಂದು ಪಾಲಿನ ಮೋಟಾರು ಸಾಕಾಯಿತು. ಇಂಥ ರಚನೆ ದೊರೆತ ಕಡೆ ನಿಯಂತ್ರಕನ ಕೆಲಸ ಅರ್ಧ ಮುಗಿದಂತೆಯೇ. ಆದರೆ ಇದು ದುಬಾರಿ, ಮತ್ತು ಘರ್ಷಣೆ ತೊಲಗಿದಾಗ ಅದು ಒದಗಿಸುತ್ತಿದ್ದ ಕಂಪನಶಮನವೂ ತೊಲಗುತ್ತದೆ. ಆದುದರಿಂದ ಲೋಕದ ಬಹುಪಾಲು ಯಂತ್ರಗಳು ಗುಂಡುಗಳ ಮೇಲೆಯೇ ನಡೆಯುತ್ತಿವೆ, ನಡೆಯಲಿವೆ.

ಕನ್ನಡನಾಡಿಗೆ ಈ ವಿಷಯ ದೂರದ್ದೇನೂ ಅಲ್ಲ. 1953ರಲ್ಲಿ ಎಚ್‌ಎಂಟಿಯೂ 1962ರಲ್ಲಿ ಇಂದು ಸಿಎಂಟಿಐ ಎಂದು ಕರೆಯಲಾಗುವ ಯಂತ್ರೋಪಕರಣ ಸಂಸ್ಥೆಯೂ ಬೆಂಗಳೂರಿನಲ್ಲಿ ನೆಲೆಗೊಂಡಂದಿನಿಂದ ಲೇತು, ಮಿಲ್ಲಿಂಗ್ ಯಂತ್ರಗಳ ಜಾರುಹಳಿಗಳನ್ನು ಕೆರೆದು ಹದಗೊಳಿಸುವ ಕೈಚಳಕ ಇಲ್ಲಿ ಬೆಳೆದಿದೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಚಂದ್ರ ದೂರದರ್ಶಕವನ್ನು ನಡೆಸುವ ಆಜ್ಞೆಗಳು ಹೊರಡುವುದು ಬೆಂಗಳೂರಿನ ಮಗ್ಗುಲಿನ ಹೊಸಕೋಟೆಯಿಂದ. ಅದರಂತೆ ಎತ್ತರ ಮತ್ತು ದಿಗಂಶಗಳ ಎರಡು ಅಕ್ಷಗಳಲ್ಲಿ ತಿರುಗುವ ಯಾವ ದೂರದರ್ಶಕದಲ್ಲಿಯೂ, ನಕ್ಷತ್ರವು ಮಧ್ಯಾಹ್ನರೇಖೆಯನ್ನು ದಾಟುವಾಗ ಎತ್ತರದ ಅಕ್ಷ ಕ್ಷಣಕಾಲ ನಿಂತು ಹಿಂದಿರುಗಬೇಕು. ಸಿಎನ್‌ಸಿ ಯಂತ್ರದ ವೃತ್ತದ ಮೇಲೆ ಮುಳ್ಳನ್ನೆಬ್ಬಿಸುವ ಅದೇ ಘರ್ಷಣೆ ಅಲ್ಲಿಯೂ ಕಾದು ಕುಳಿತಿರುತ್ತದೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿಯೂ ಬೇರೆಡೆಯಲ್ಲಿಯೂ ಯಂತ್ರಗಳನ್ನು ಕಟ್ಟುತ್ತಿರುವವರಲ್ಲಿ ನನ್ನದೊಂದು ವಿನಂತಿ. ಪ್ರತಿಯೊಂದು ಅಕ್ಷವನ್ನೂ ಸೆಕೆಂಡಿಗೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಿಂದ ಮೊದಲ್ಗೊಂಡು ಪೂರ್ಣ ವೇಗದವರೆಗೆ, ಎರಡೂ ದಿಕ್ಕುಗಳಲ್ಲಿ, ತಣ್ಣಗಿರುವಾಗಲೊಮ್ಮೆ ಬೆಚ್ಚಗಾದಾಗಲೊಮ್ಮೆ ಏಕವೇಗದಲ್ಲಿ ನಡೆಸಿ, ಮೋಟಾರಿನ ವಿದ್ಯುತ್ತನ್ನು ಬರೆದಿಟ್ಟರೆ ಆ ಅಕ್ಷದ ಘರ್ಷಣೆಯ ಗೆರೆ ದೊರೆಯುತ್ತದೆ. ಇದಕ್ಕೆ ಹೊಸ ಉಪಕರಣವೇನೂ ಬೇಡ, ಇಂದಿನ ಸರ್ವೋ ಡ್ರೈವುಗಳೇ ಆ ಅಂಕಿಗಳನ್ನು ಕೊಡುತ್ತವೆ. ಬಾಲ್‌ಬಾರಿನ ವರ್ತುಲದ ಜೊತೆಗೆ ಈ ಗೆರೆಯನ್ನೂ ಯಂತ್ರದ ದಾಖಲೆಯಲ್ಲಿ ಸೇರಿಸಿ, ಕೊಳ್ಳುವವರಿಗೆ ಒಪ್ಪಿಸುವ ಪದ್ಧತಿಯನ್ನು ದಯವಿಟ್ಟು ಆರಂಭಿಸಿರಿ.